ತಾಲ್ಲೂಕು ಟೂರ್ನಿಯಲ್ಲಿ ಮೊಬೈಲ್ ಇಟ್ಕೊಂಡು ರಿವ್ಯೂ ಕೊಡಬಹುದಾ? ಎಷ್ಟರ ಮಟ್ಟಿಗೆ ನಂಬೋದು?

ಮಿಡ್‌ಆನ್_ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿದ ಮೇಲೆ, ಹೂಮಳೆ ಶುರುವಾಗೋಕೆ ಮುಂಚೆ, ಫೆಬ್ರವರಿ ಕೊನೆಗೆ ನಮ್ಮ ಮೂಡಿಗೆರೆ ಕಡೆ 8 ತಂಡಗಳ ಲೆದರ್ ಬಾಲ್ ಟೂರ್ನಿ ಇದೆ. 20 ಓವರ್ ಮ್ಯಾಚು, ನಾರಿನ ಮ್ಯಾಟಿಂಗ್ ವಿಕೆಟ್, ಬೌಂಡರಿ ಸುಮಾರು 55 ಮೀಟರ್. ಎಲ್ಲ ತಂಡದವರೂ ಒಂದೇ ಮಾತು ಕೇಳ್ತಿದಾರೆ: ಐಪಿಎಲ್ ಥರ ನಮಗೂ ಡಿಆರ್‌ಎಸ್ (ಅಂಪೈರ್ ತೀರ್ಪನ್ನ ವಿಡಿಯೊ ನೋಡಿ ಮರುಪರಿಶೀಲಿಸೋ ವ್ಯವಸ್ಥೆ) ಇರಲಿ ಅಂತ. ಯೂಟ್ಯೂಬ್ ಲೈವ್‌ಗೆ ಹುಡುಗರು ಹೇಗೂ ಕ್ಯಾಮೆರಾ ತರ್ತಾರೆ. ಅದು ಬಿಟ್ಟು ಸ್ಲೋಮೋಷನ್ 240 ಫ್ರೇಮ್ ಬರೋ ಫೋನ್ ಎರಡು, ಟ್ರೈಪಾಡ್ ಎರಡು, ಒಂದು ಲ್ಯಾಪ್‌ಟಾಪ್ ಇದೆ. ಮೈದಾನದ ಅಂಪೈರ್ ಇಬ್ಬರು, ಮೂರನೆಯವರನ್ನೂ ಕರೆಸಬಹುದು.

ಯಾವ ತೀರ್ಪಿಗೆ ರಿವ್ಯೂ ಕೊಡೋದು, ಯಾವುದಕ್ಕೆ ಬೇಡ? ಒಂದು ಇನ್ನಿಂಗ್ಸ್‌ಗೆ ಎಷ್ಟು? ಫೋನ್ ಎಲ್ಲಿ ಇಡೋದು? ಟೂರ್ನಿ ನಿಯಮದಲ್ಲಿ ಏನು ಬರೆದರೆ ಮಧ್ಯದಲ್ಲಿ ತಕರಾರು ಬರಲ್ಲ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಸ್ಕ್ವೇರ್‌ಲೆಗ್_ಹಾಸನ

ಕೊಡಬಹುದು. ಆದರೆ ಟಿವಿಯಲ್ಲಿ ಕಾಣುವ ಡಿಆರ್‌ಎಸ್ ಅಲ್ಲ, ಅದರಲ್ಲಿ ಒಂದು ಭಾಗ ಮಾತ್ರ. ಅಲ್ಲಿ ಮೂರು ಬೇರೆ ಬೇರೆ ವ್ಯವಸ್ಥೆಗಳು ಸೇರಿಕೊಂಡಿವೆ: ಬರೀ ಮರುದೃಶ್ಯ, ಸ್ಟಂಪ್ ಮೈಕಿನ ಶಬ್ದವನ್ನು ಚಿತ್ರದ ಜೊತೆ ಕೂಡಿಸುವ ಅಲ್ಟ್ರಾಎಡ್ಜ್, ಚೆಂಡಿನ ಮುಂದಿನ ದಾರಿ ಲೆಕ್ಕ ಹಾಕುವ ಬಾಲ್ ಟ್ರ್ಯಾಕಿಂಗ್. ಮೊದಲನೆಯದು ನಿಮ್ಮ ಕೈಗೆ ಸಿಗುತ್ತೆ, ಎರಡನೆಯದು ಅರ್ಧ ಸಿಗುತ್ತೆ, ಮೂರನೆಯದು ಸಿಗಲ್ಲ. ನಿಯಮವನ್ನು ಇದರ ಮೇಲೇ ಕಟ್ಟಿ.

ಬಾಲ್ ಟ್ರ್ಯಾಕಿಂಗ್ ಇಲ್ಲದ ರಿವ್ಯೂ ಎಂದರೆ ಕಳಪೆ ರಿವ್ಯೂ ಅಂತ ಯಾರಾದರೂ ಅಂದರೆ ರಣಜಿ ಉದಾಹರಣೆ ಕೊಡಿ. 2019ರ ಜನವರಿಯಲ್ಲಿ ಚಿನ್ನಸ್ವಾಮಿಯಲ್ಲಿ ಕರ್ನಾಟಕ–ಸೌರಾಷ್ಟ್ರ ಸೆಮಿಫೈನಲ್ ನಡೆದಾಗ ಪೂಜಾರಾ ವಿರುದ್ಧದ ಕ್ಯಾಚ್ ಬಿಹೈಂಡ್ ಮನವಿ ತಿರಸ್ಕಾರವಾಗಿ ದೊಡ್ಡ ಗಲಾಟೆಯಾಯಿತು; ಆಗ ರಣಜಿಯಲ್ಲಿ ರಿವ್ಯೂ ಇರಲಿಲ್ಲ. ಮರು ವರ್ಷ, 2019–20ರ ಸೆಮಿಫೈನಲ್‌ಗೆ ಬಿಸಿಸಿಐ ತಂದಿದ್ದು ಸೀಮಿತ ಡಿಆರ್‌ಎಸ್. ಹಾಕ್-ಐ (ಬಾಲ್ ಟ್ರ್ಯಾಕಿಂಗ್) ಇಲ್ಲ, ಅಲ್ಟ್ರಾಎಡ್ಜ್ ಇಲ್ಲ, ಕ್ಯಾಮೆರಾ ದೃಶ್ಯ ಮಾತ್ರ. ಕಣ್ಣಿಗೆ ರಾಚುವ ತಪ್ಪನ್ನು ತಿದ್ದುವುದೇ ಅದರ ಉದ್ದೇಶ. ನಿಮಗೂ ಅಷ್ಟೇ ಬೇಕಾಗಿರುವುದು.

ಇನ್ನು ನಿಯಮ. ಕ್ರಿಕೆಟ್ ಕಾನೂನು ರೂಪಿಸುವ ಎಂಸಿಸಿಯ ಕಾನೂನು 2.12ರ ಪ್ರಕಾರ ಅಂಪೈರ್ ತನ್ನ ತೀರ್ಪನ್ನು ಕೂಡಲೇ ಬದಲಿಸಬಹುದು. ಆ ಗಳಿಗೆ ದಾಟಿದರೆ ಕೊಟ್ಟಿದ್ದೇ ಅಂತಿಮ. ಅಂದರೆ ವಿಡಿಯೊ ನೋಡಿ ಎರಡು ನಿಮಿಷ ಆದ ಮೇಲೆ ಬದಲಿಸಬೇಕಾದರೆ ಅದಕ್ಕೆ ಟೂರ್ನಿಯ ಲಿಖಿತ ನಿಯಮವೇ ಆಧಾರ. ಬಾಯಿಮಾತಿನ ಒಪ್ಪಂದ ಸಾಲದು. ಎಲ್ಲ 8 ನಾಯಕರ ಸಹಿ ಟೂರ್ನಿ ಶುರುವಾಗುವ ಮೊದಲೇ ಆಗಿರಲಿ.

ರನೌಟ್, ಸ್ಟಂಪಿಂಗ್, ಹಿಟ್ ವಿಕೆಟ್ ಇವನ್ನು ತಂಡದ ರಿವ್ಯೂ ಲೆಕ್ಕಕ್ಕೆ ತರಬೇಡಿ. ಅನುಮಾನ ಬಂದರೆ ಅಂಪೈರೇ ಮೂರನೆಯವರಿಗೆ ಕಳಿಸಲಿ, ಎಷ್ಟು ಸಲವಾದರೂ. ಆದರೆ ಹಾಗೆ ಕಳಿಸಿದಾಗ ನೋಡುವುದು ಆ ಒಂದು ವಿಷಯ ಮತ್ತು ಮುಂಗಾಲಿನ ನೋಬಾಲ್ ಮಾತ್ರ ಎಂದು ಸ್ಪಷ್ಟವಾಗಿ ಬರೆಯಿರಿ. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲೂ ಕೀಪರ್‌ಗಳು ಸ್ಟಂಪಿಂಗ್ ಮನವಿ ಮಾಡಿ, ಅದೇ ನೆಪದಲ್ಲಿ ಬ್ಯಾಟಿಗೆ ತಾಗಿದೆಯಾ ಅಂತ ಬಿಟ್ಟಿಯಾಗಿ ನೋಡಿಸಿಕೊಳ್ಳುತ್ತಿದ್ದರು. 2023ರ ಡಿಸೆಂಬರ್‌ನಿಂದ ಐಸಿಸಿ ಅದನ್ನು ನಿಲ್ಲಿಸಿ, ಸ್ಟಂಪಿಂಗ್ ಕೇಳಿದರೆ ಪಕ್ಕದ ಕ್ಯಾಮೆರಾದ ಚಿತ್ರ ಮಾತ್ರ ಅಂದಿತು. ನಿಮ್ಮ ನಿಯಮದಲ್ಲಿ ಈ ಕಿಂಡಿ ಮೊದಲ ದಿನವೇ ಮುಚ್ಚಿರಲಿ.

ನೆಲಕ್ಕೆ ಹತ್ತಿರದ ಕ್ಯಾಚ್‌ಗೆ ರಿವ್ಯೂ ಖಂಡಿತ ಬೇಡ. ದೂರದಿಂದ ಜೂಮ್ ಮಾಡಿದ ಚಿತ್ರದಲ್ಲಿ ಆಳ ಗೊತ್ತಾಗುವುದಿಲ್ಲ. ಬೆರಳು ಚೆಂಡಿನ ಕೆಳಗೆ ಸರಿಯಾಗಿ ಇದ್ದರೂ ಹುಲ್ಲಿಗೆ ತಾಗಿದಂತೆಯೇ ಕಾಣುತ್ತೆ. ಇಬ್ಬರು ಅಂಪೈರ್‌ಗಳು ಸೇರಿ ಮಾತಾಡಿಕೊಂಡು ಅಲ್ಲೇ ತೀರ್ಮಾನಿಸಲಿ. ಟಿವಿ ಪಂದ್ಯಗಳಲ್ಲಿ ಸಾಫ್ಟ್ ಸಿಗ್ನಲ್ (ಮೂರನೆಯವರಿಗೆ ಕಳಿಸುವಾಗ ಮೈದಾನದ ಅಂಪೈರ್ ಹೇಳುವ ತನ್ನ ಅಭಿಪ್ರಾಯ) ಇಟ್ಟುಕೊಂಡಿದ್ದೇ ಈ ತೊಡಕಿಗಾಗಿ, 2023ರಲ್ಲಿ ಅದೂ ಹೋಯಿತು, ತಕರಾರು ಮಾತ್ರ ನಿಂತಿಲ್ಲ.

ಉಳಿದಿದ್ದು ಕ್ಯಾಚ್ ಬಿಹೈಂಡ್ ಮತ್ತು ಎಲ್‌ಬಿ (ಎಲ್‌ಬಿಡಬ್ಲ್ಯು). ಇಲ್ಲಿ ನನ್ನ ಗಟ್ಟಿ ಅಭಿಪ್ರಾಯ: ಎಲ್‌ಬಿ ಔಟ್ ಕೊಟ್ಟಾಗ ಬ್ಯಾಟರ್ ರಿವ್ಯೂ ಕೇಳಬಹುದು, ನಾಟೌಟ್ ಕೊಟ್ಟಾಗ ಫೀಲ್ಡಿಂಗ್ ತಂಡ ಕೇಳುವ ಹಾಗಿಲ್ಲ. ಎಲ್‌ಬಿ ಔಟ್ ಆಗಲು ಎಲ್ಲ ಷರತ್ತೂ ಒಟ್ಟಿಗೆ ಸರಿಹೋಗಬೇಕು: ನೋಬಾಲ್ ಅಲ್ಲ, ಲೆಗ್ ಸ್ಟಂಪಿನ ಹೊರಗೆ ಪಿಚ್ ಆಗಿಲ್ಲ, ಬ್ಯಾಟಿಗೆ ಮೊದಲು ತಾಗಿಲ್ಲ, ಆಡಲು ಯತ್ನಿಸಿದ್ದರೆ ಬಡಿದ ಜಾಗ ಸ್ಟಂಪಿನ ಸಾಲಿನಲ್ಲಿದೆ, ಕೊನೆಗೆ ಚೆಂಡು ಸ್ಟಂಪಿಗೆ ಹೋಗುತ್ತಿತ್ತು. ಒಂದು ಷರತ್ತು ಮುರಿದಿದೆ ಅಂತ ಕ್ಯಾಮೆರಾ ತೋರಿಸಿದರೆ ನಾಟೌಟ್ ಸಾಬೀತಾಯಿತು. ಆದರೆ ಔಟ್ ಸಾಬೀತು ಮಾಡಲು ಕೊನೆಯ ಷರತ್ತು ಬೇಕು, ಅದು ನಡೆಯದೇ ಹೋದ ಘಟನೆ. ಯಾವ ಕ್ಯಾಮೆರಾದಲ್ಲೂ ಅದರ ಚಿತ್ರ ಇರಲ್ಲ.

ರಿವ್ಯೂ ಇನ್ನಿಂಗ್ಸ್‌ಗೆ ತಂಡಕ್ಕೆ ಒಂದು ಸಾಕು. ಗೆದ್ದರೆ ಉಳಿಯುತ್ತೆ. 15 ಸೆಕೆಂಡಿನೊಳಗೆ ಕೈಯಲ್ಲಿ ‘ಟಿ’ ತೋರಿಸಬೇಕು. ಔಟಾದ ಬ್ಯಾಟರ್ ಅಥವಾ ಫೀಲ್ಡಿಂಗ್ ನಾಯಕ, ಬೇರೆ ಯಾರೂ ಅಲ್ಲ. ಹೊರಗಿನಿಂದ ಸನ್ನೆ ಬಂದರೆ ರಿವ್ಯೂ ರದ್ದು. 2017ರ ಬೆಂಗಳೂರು ಟೆಸ್ಟ್‌ನಲ್ಲಿ ಸ್ಟೀವ್ ಸ್ಮಿತ್ ರಿವ್ಯೂ ಕೇಳಬೇಕಾ ಅಂತ ಡ್ರೆಸ್ಸಿಂಗ್ ರೂಮ್ ಕಡೆ ನೋಡಿದ್ದಕ್ಕೆ ಎಷ್ಟು ದೊಡ್ಡ ರಾದ್ಧಾಂತ ಆಯಿತು ಅಂತ ಎಲ್ಲರಿಗೂ ಗೊತ್ತು. ನಿಮ್ಮಲ್ಲಿ ಡ್ರೆಸ್ಸಿಂಗ್ ರೂಮ್ ಅಂದರೆ ಬೌಂಡರಿ ಪಕ್ಕದ ಶಾಮಿಯಾನ, ಕೂಗಿದರೆ ಕ್ರೀಸಿಗೆ ಕೇಳುತ್ತೆ. ಆದ್ದರಿಂದ ಲೈವ್ ಮಾಡುವವರು ತೀರ್ಪು ಹೊರಬೀಳುವವರೆಗೆ ಮರುದೃಶ್ಯ ಹಾಕಬಾರದು, ಲ್ಯಾಪ್‌ಟಾಪ್ ಪರದೆ ಆಟಗಾರರ ಕಡೆಗೆ ತಿರುಗಿರಬಾರದು.

ಟ್ರೈಪಾಡ್_ಸಕಲೇಶಪುರ

ಅಂಪೈರ್ ಸರ್ ಹೇಳಿದ್ದರ ಮೇಲೆ ಕ್ಯಾಮೆರಾ ಭಾಗ ನಾನು ಹೇಳ್ತೀನಿ. ನಿಮ್ಮ ಹತ್ರ ಎರಡೇ ಫೋನ್ ಇರೋದರಿಂದ ಎರಡನ್ನೂ ರನೌಟ್ ಗೆರೆಗೆ ಹಾಕಿ, ಒಂದೊಂದು ತುದಿಗೆ ಒಂದೊಂದು. ಒಂದೇ ಫೋನಲ್ಲಿ ಪಿಚ್ ಪೂರ್ತಿ ಹಿಡಿಯೋಣ ಅನ್ನೋ ಆಸೆ ಬಿಡಿ. 1080 ಗುಣಮಟ್ಟದಲ್ಲಿ ಚಿತ್ರದ ಅಡ್ಡಕ್ಕೆ 1920 ಪಿಕ್ಸೆಲ್. ಅದರಲ್ಲಿ 24 ಮೀಟರ್ ತುಂಬಿಸಿದರೆ ಒಂದು ಸೆಂಟಿಮೀಟರಿಗೆ ಒಂದು ಪಿಕ್ಸೆಲ್ ಕೂಡ ಬರಲ್ಲ. ಕ್ರೀಸು, ಸ್ಟಂಪು, ಆಚೀಚೆ ಸ್ವಲ್ಪ ಸೇರಿ 6 ಮೀಟರ್ ಮಾತ್ರ ಹಿಡಿದರೆ ಸೆಂಟಿಮೀಟರಿಗೆ 3 ಪಿಕ್ಸೆಲ್ ಸಿಗುತ್ತೆ. ಬ್ಯಾಟಿನ ತುದಿ ಕಾಣೋದು ಅಲ್ಲಿಂದ ಮುಂದೆ. ಆಪ್ಟಿಕಲ್ ಜೂಮ್ ಇದ್ದರೆ ಬಳಸಿ. ಡಿಜಿಟಲ್ ಜೂಮ್ ಬರೀ ಹಿಗ್ಗಿಸುತ್ತೆ, ಹೊಸ ವಿವರ ಕೊಡಲ್ಲ.

ಎರಡೂ ಪಾಪಿಂಗ್ ಕ್ರೀಸ್‌ಗಳ (ಸ್ಟಂಪಿನ ಮುಂದಿನ, ರನ್ ಓಡುವಾಗ ದಾಟಬೇಕಾದ ಗೆರೆ) ಮಧ್ಯೆ 17.68 ಮೀಟರ್ ಇರುತ್ತೆ, ಆದ್ದರಿಂದ ಬೌಂಡರಿಯಲ್ಲಿ ಟ್ರೈಪಾಡ್‌ಗಳ ಮಧ್ಯೆಯೂ ಅಷ್ಟೇ ಇರಬೇಕು. ಎರಡೂ ಒಂದೇ ಬದಿಗಿರಲಿ, ಮೂರನೇ ಅಂಪೈರ್ ಮೇಜು ಅವುಗಳ ಮಧ್ಯೆ. ಮಧ್ಯಾಹ್ನದ ಮೇಲಿನ ಮ್ಯಾಚ್ ಆದರೆ ಪಿಚ್ಚಿನ ಪಶ್ಚಿಮ ಬದಿ ಆರಿಸಿ, ಬಿಸಿಲು ಕ್ಯಾಮೆರಾ ಬೆನ್ನಿಗೆ ಬೀಳುತ್ತೆ. ಪೂರ್ವದಲ್ಲಿಟ್ಟರೆ ನಾಲ್ಕು ಗಂಟೆ ಮೇಲೆ ಲೆನ್ಸಿಗೆ ಸೂರ್ಯ ಹೊಡೆದು ಬೇಲ್ಸ್ ಕಾಣೋದೇ ಇಲ್ಲ.

ಗೆರೆಗೆ ನೇರ ನಿಲ್ಲಿಸೋದು ಎಲ್ಲಕ್ಕಿಂತ ಮುಖ್ಯ, ಜನ ತಪ್ಪೋದೂ ಇಲ್ಲೇ. ಕಣ್ಣಳತೆ ಸಾಲದು. ಕ್ರೀಸ್ ಗೆರೆಯ ಹತ್ತಿರದ ತುದಿಯಲ್ಲಿ ಒಂದು ಸ್ಟಂಪ್ ನೆಡಿ, ಅದೇ ಗೆರೆಯನ್ನ ಬಳ್ಳಿಹಗ್ಗದಲ್ಲಿ ಎಳೆದುಕೊಂಡು ಹೋಗಿ 20 ಮೀಟರ್ ಆಚೆ ಇನ್ನೊಂದು ನೆಡಿ. ಫೋನ್ ಪರದೆಯಲ್ಲಿ ಮುಂದಿನದು ಹಿಂದಿನದನ್ನ ಪೂರ್ತಿ ಮರೆ ಮಾಡೋವರೆಗೆ ಟ್ರೈಪಾಡ್ ಸರಿಸಿ. ಹಾಗೆ ಮಾಡಿದರೆ 55 ಮೀಟರ್ ದೂರದಲ್ಲಿ ತಪ್ಪು 10 ಸೆಂಟಿಮೀಟರ್ ಆಸುಪಾಸಿಗೆ ಇಳಿಯುತ್ತೆ. ಟ್ರೈಪಾಡ್ ಕಾಲಿನ ಜಾಗಕ್ಕೆ ಸುಣ್ಣದ ಗುರುತು ಹಾಕಿ, ಯಾರಾದರೂ ಎಡವಿದರೆ ಅಲ್ಲಿಗೇ ವಾಪಸ್ ಇಡಬಹುದು.

ನೇರ ಇಲ್ಲದಿದ್ದರೆ ಏನಾಗುತ್ತೆ ಅನ್ನೋಕೆ ಲೆಕ್ಕ ನೋಡಿ. ಬ್ಯಾಟ್ ನೆಲಕ್ಕೆ ತಾಗಿದ್ದರೆ ತೊಂದರೆ ಇಲ್ಲ, ಗೆರೆಯೂ ನೆಲದಲ್ಲೇ ಇದೆ. ಬ್ಯಾಟ್ 5 ಸೆಂ.ಮೀ. ಗಾಳಿಯಲ್ಲಿದೆ, ಕ್ಯಾಮೆರಾ 1.5 ಮೀಟರ್ ಎತ್ತರದಲ್ಲಿದೆ, ಗೆರೆಯಿಂದ 1 ಮೀಟರ್ ಪಕ್ಕಕ್ಕಿದೆ ಅಂದುಕೊಳ್ಳಿ. ಆಗ ಬ್ಯಾಟಿನ ತುದಿ ಇರೋ ಜಾಗಕ್ಕಿಂತ 3 ಸೆಂ.ಮೀ.ಗೂ ಹೆಚ್ಚು ಆಚೆ ಅಥವಾ ಈಚೆ ಕಾಣುತ್ತೆ. ಕ್ಯಾಮೆರಾ 3 ಮೀಟರ್ ಎತ್ತರಕ್ಕೆ ಹೋದರೆ ಈ ತಪ್ಪು ಅರ್ಧ. ನಮ್ಮ ಕಡೆ ಮೈದಾನಗಳ ಪಕ್ಕ ದಿಣ್ಣೆಗೆ ಬರ ಇಲ್ಲ, ಅದನ್ನ ಬಳಸಿಕೊಳ್ಳಿ. ಬಿಸಿಲಿದ್ದರೆ ಬ್ಯಾಟಿನ ನೆರಳನ್ನೂ ನೋಡಿ: ತುದಿಯೂ ನೆರಳಿನ ತುದಿಯೂ ಕೂಡಿದ್ದರೆ ನೆಲ ಮುಟ್ಟಿದೆ, ನಡುವೆ ಸಂದು ಇದ್ದರೆ ಇನ್ನೂ ಗಾಳಿಯಲ್ಲಿದೆ.

ಫ್ರೇಮ್ ವಿಚಾರ. ಡೈವ್ ಹೊಡೆಯೋ ಬ್ಯಾಟರ್ ಸೆಕೆಂಡಿಗೆ 6.5 ಮೀಟರ್ ವೇಗದಲ್ಲಿದ್ದರೆ 30 ಫ್ರೇಮಿನ ವಿಡಿಯೊದಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ 22 ಸೆಂ.ಮೀ. ಜಿಗಿದಿರ್ತಾನೆ. 60ರಲ್ಲಿ 11 ಸೆಂ.ಮೀ. 240ರಲ್ಲಿ 3 ಸೆಂ.ಮೀ.ಗಿಂತ ಕಡಿಮೆ. ಹಾಗಾಗಿ 240 ಬಿಟ್ಟು ಬೇರೆ ಬೇಡ. ಶಟರ್ ವೇಗ ಕೈಯಾರೆ 1/1000ಕ್ಕೆ ಕಟ್ಟಿ. ಆಟೋದಲ್ಲಿ ಬಿಟ್ಟರೆ ಮೋಡ ಕವಿದಾಗ ಫೋನು ತಾನೇ ಶಟರ್ ನಿಧಾನ ಮಾಡುತ್ತೆ, ಬ್ಯಾಟು ಮಸುಕು ಗೆರೆ ಆಗುತ್ತೆ. ಫೋಕಸ್ಸೂ ಲಾಕ್ ಮಾಡಿ, ಇಲ್ಲದಿದ್ದರೆ ಅಡ್ಡ ಓಡಿದ ಫೀಲ್ಡರ್ ಮೇಲೆ ಹೋಗಿ ಕೂರುತ್ತೆ.

240 ಫ್ರೇಮಿಗೆ ನಿಮಿಷಕ್ಕೆ ಸುಮಾರು ಅರ್ಧ ಜಿಬಿ ಜಾಗ ಬೇಕು. ಸದಾ ಓಡಿಸಬೇಡಿ. ಬೌಲರ್ ಓಟ ಶುರು ಮಾಡಿದಾಗ ಒತ್ತಿ, ಚೆಂಡು ಡೆಡ್ ಆದಾಗ ನಿಲ್ಲಿಸಿ. ಎಸೆತಕ್ಕೆ 15 ಸೆಕೆಂಡ್ ಹಿಡಿದರೂ 120 ಎಸೆತಕ್ಕೆ ಅರ್ಧ ಗಂಟೆ, 15 ಜಿಬಿ ಒಳಗೆ. ಇನ್ನಿಂಗ್ಸ್ ಮಧ್ಯೆ ಲ್ಯಾಪ್‌ಟಾಪ್‌ಗೆ ಇಳಿಸಿ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲೇಬೇಕು, ಇಲ್ಲದಿದ್ದರೆ ಸರಿಯಾಗಿ ರನೌಟ್ ಹೊತ್ತಿಗೆ ಕರೆ ಬಂದು ರೆಕಾರ್ಡಿಂಗ್ ನಿಂತಿರುತ್ತೆ. ಪವರ್ ಬ್ಯಾಂಕ್ ಕಟ್ಟಿ, ಮೇಲೆ ಬಿಳಿ ಬಟ್ಟೆ ಅಥವಾ ಛತ್ರಿ ನೆರಳು ಕೊಡಿ. ಬಿಸಿಯಾದ ಫೋನ್ ಸ್ಲೋಮೋಷನ್ ಅರ್ಧಕ್ಕೇ ಬಿಡುತ್ತೆ.

ಮೂರನೇ ಅಂಪೈರ್‌ಗೆ ಕ್ಲಿಪ್ಪನ್ನ ವಾಟ್ಸಾಪ್‌ನಲ್ಲಿ ಕಳಿಸಲೇಬೇಡಿ! ಅದು ಅದುಮಿ, ಫ್ರೇಮ್ ಕಿತ್ತು ಹಾಕಿ ಕಳಿಸುತ್ತೆ. 240 ತೆಗೆದ ಕಷ್ಟವೆಲ್ಲ ದಂಡ. ಫೋನಲ್ಲೇ ನೋಡಿ, ಅಥವಾ ಕೇಬಲ್ ಹಾಕಿ ಲ್ಯಾಪ್‌ಟಾಪಿನ ವಿಎಲ್‌ಸಿಯಲ್ಲಿ. ಅದರಲ್ಲಿ ಇಂಗ್ಲಿಷಿನ ‘ಈ’ ಅಕ್ಷರದ ಕೀಲಿ ಒತ್ತಿದ ಹಾಗೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತೆ. ಹಿಂದಕ್ಕೆ ಬರಲ್ಲ, ಆದ್ದರಿಂದ ಬೇಕಾದ ಜಾಗಕ್ಕೆ ಸ್ವಲ್ಪ ಮುಂಚೆಯೇ ನಿಲ್ಲಿಸಿಕೊಂಡು ಶುರು ಮಾಡಿ.

ಸ್ಕ್ವೇರ್‌ಲೆಗ್_ಹಾಸನ

ಟ್ರೈಪಾಡ್ ಅವರೇ, ಬಹಳ ಉಪಯುಕ್ತ. ಒಂದು ಸೇರಿಸುತ್ತೇನೆ, ಗೆರೆ ಎಳೆಯುವುದರ ಬಗ್ಗೆ. ಪಾಪಿಂಗ್ ಕ್ರೀಸ್ ಅಂದರೆ ಬಳಿದ ಸುಣ್ಣದ ಸ್ಟಂಪ್ ಕಡೆಯ ಅಂಚು. ಸ್ಟಂಪಿನ ನಡುವಿನಿಂದ ಆ ಅಂಚಿಗೆ 1.22 ಮೀಟರ್ ಇರಬೇಕು, ಸುಣ್ಣದ ದಪ್ಪ ಅದರಾಚೆಗೆ. ಹಳ್ಳಿ ಮೈದಾನಗಳಲ್ಲಿ ಟೇಪ್ ಹಿಡಿದು ಹೊರ ಅಂಚಿಗೆ 1.22 ಅಳೆದುಬಿಡುತ್ತಾರೆ, ಅಲ್ಲಿಗೆ ಪೂರ್ತಿ ಗೆರೆಯ ದಪ್ಪದಷ್ಟು ತಪ್ಪು. ಬ್ಯಾಟ್ ಗೆರೆಯ ಮೇಲೆ ಇದ್ದರೆ ಔಟ್, ಗೆರೆ ದಾಟಿ ಒಳಗೆ ತಾಗಿರಬೇಕು. ಬೌಲರ್‌ಗೂ ಹಾಗೇ, ಮುಂಗಾಲಿನ ಏನಾದರೂ ಸ್ವಲ್ಪ ಭಾಗ ಆ ಒಳ ಅಂಚಿನ ಹಿಂದೆ ಇರಬೇಕು, ಗಾಳಿಯಲ್ಲಿದ್ದರೂ ಸರಿ.

ನಾರಿನ ಮ್ಯಾಟ್ ಎಂದಿರಿ. ಮೊಳೆ ಸಡಿಲವಾದರೆ ಬೌಲರ್ ಕಾಲಿನ ಎಳೆತಕ್ಕೆ ಮ್ಯಾಟ್ ಸರಿಯುತ್ತೆ, ಗೆರೆಯೂ ಅದರ ಜೊತೆ ಹೋಗುತ್ತೆ. ಪ್ರತಿ ಇನ್ನಿಂಗ್ಸ್ ಮುಂಚೆ, ಆಮೇಲೆ 10 ಓವರ್ ಆದಾಗ ಒಮ್ಮೆ ಸ್ಟಂಪಿನಿಂದ ಅಳೆದು ನೋಡಿ.

ಬೇಲ್ಸ್: ಒಂದು ಬೇಲ್ ಸ್ಟಂಪಿನ ತಲೆಯಿಂದ ಪೂರ್ತಿ ಬಿಡುಗಡೆ ಆದ ಕ್ಷಣವೇ ವಿಕೆಟ್ ಬಿದ್ದ ಕ್ಷಣ. ಒಂದು ತುದಿ ಎದ್ದು ಇನ್ನೊಂದು ಗುಳಿಯಲ್ಲೇ ಕೂತಿದ್ದರೆ ಇನ್ನೂ ಬಿದ್ದಿಲ್ಲ. ದೀಪ ಹತ್ತುವ ಬೇಲ್ಸ್ ಇಲ್ಲದ ಕಡೆ ಈ ಎರಡು ಮೂರು ಫ್ರೇಮ್‌ಗಳಲ್ಲೇ ರನೌಟ್ ತೀರ್ಮಾನ ಆಗುವುದು. ಬೇಲ್ಸಿಗೆ ಗಾಢ ಬಣ್ಣ ಬಳಿಯಿರಿ, ಹಿಂದಿನ ಹುಲ್ಲಿನಿಂದ ಬೇರೆಯಾಗಿ ಕಾಣಲಿ.

ಮಿಡ್‌ಆನ್_ಮೂಡಿಗೆರೆ

ಸರ್, ಅಣ್ಣ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪ್ರಿಂಟ್ ತೆಗೆದು ಕಮಿಟಿ ಮುಂದೆ ಇಡ್ತೀನಿ. ಇನ್ನೆರಡು ಪ್ರಶ್ನೆ. ಕ್ಯಾಚ್ ಬಿಹೈಂಡ್‌ಗೆ ಫೋನಿನ ಶಬ್ದ ಸಾಕಾ, ಸ್ಟಂಪ್ ಹತ್ರ ಮೈಕ್ ಬೇಕಾ? ಮತ್ತೆ ಮೂರನೇ ಫೋನ್ ಒಂದು ಸಿಗೋ ಹಾಗಿದೆ, ಅದನ್ನ ಬೌಲರ್ ಹಿಂದೆ ಹಾಕಿದರೆ ಎಲ್‌ಬಿಗೆ ಉಪಯೋಗ ಇದೆಯಾ?

ಟ್ರೈಪಾಡ್_ಸಕಲೇಶಪುರ

ಬೌಂಡರಿ ಫೋನಿನ ಶಬ್ದ ಕೇಳಿ ಎಡ್ಜ್ ತೀರ್ಮಾನ ಮಾಡಿದರೆ ತಪ್ಪು ಗ್ಯಾರಂಟಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. 55 ಮೀಟರ್ ದಾಟೋಕೆ 0.16 ಸೆಕೆಂಡ್, ಅಂದರೆ 60 ಫ್ರೇಮಿನ ವಿಡಿಯೊದಲ್ಲಿ ಹತ್ತು ಫ್ರೇಮ್ ತಡ. ಬ್ಯಾಟು ನೆಲಕ್ಕೆ ಬಡಿದ ಸದ್ದು, ಚೆಂಡು ಕೀಪರ್ ಗ್ಲೌಸ್ ಹತ್ರ ಇದ್ದಾಗ ಕೇಳಿಸುತ್ತೆ.

ಮೈಕ್ ಬೇಕೇ ಬೇಕು. ಕಾಲರ್ ಮೈಕ್ ಒಂದನ್ನ ಮಧ್ಯದ ಸ್ಟಂಪಿನ ಹಿಂದೆ, ಬುಡದಲ್ಲಿ, ಸ್ಪಂಜು ಸುತ್ತಿ ಇಡಿ. ಅಲ್ಲಿಂದ ಬ್ಯಾಟಿಗೆ ಒಂದು ಒಂದೂವರೆ ಮೀಟರ್. ಶಬ್ದ 4 ಮಿಲಿಸೆಕೆಂಡಿಗೆ ಮುಟ್ಟುತ್ತೆ, ಒಂದು ಫ್ರೇಮಿಗಿಂತ ಕಡಿಮೆ. ಆದರೆ ವೈರ್‌ಲೆಸ್ ಮೈಕ್ ತಾನೂ ಸ್ವಲ್ಪ ತಡ ಮಾಡುತ್ತೆ, ಬ್ಲೂಟೂತ್ ಆದರೆ ಇನ್ನೂ ಜಾಸ್ತಿ. ಹಾಗಾಗಿ ಪ್ರತಿ ಇನ್ನಿಂಗ್ಸ್ ಮುಂಚೆ ಹೊಂದಿಸಲೇಬೇಕು. ಕ್ಯಾಮೆರಾ ಓಡ್ತಿರಲಿ, ಒಬ್ಬರು ಬ್ಯಾಟಿಂಗ್ ಕ್ರೀಸಲ್ಲಿ ನಿಂತು ಬ್ಯಾಟಿನ ಮೇಲೆ ಚೆಂಡನ್ನ ಐದು ಸಲ ಕುಟ್ಟಲಿ. ಚೆಂಡು ತಾಗಿದ ಫ್ರೇಮಿಗೂ ಪರದೆಯಲ್ಲಿ ಕಾಣೋ ಶಬ್ದದ ಅಲೆಯಲ್ಲಿ ಮುಳ್ಳು ಎದ್ದ ಫ್ರೇಮಿಗೂ ಎಷ್ಟು ಅಂತರ ಅಂತ ಎಣಿಸಿ. ಐದರಲ್ಲೂ ಒಂದೇ ಅಂತರ ಬಂದರೆ ಅಷ್ಟು ಕಳೆದು ನೋಡಬಹುದು. ಒಂದೊಂದು ಸಲ ಒಂದೊಂದು ಬಂದರೆ ಆ ದಿನ ಶಬ್ದವನ್ನ ಸಾಕ್ಷಿಗೆ ತಗೋಬೇಡಿ, ಕಣ್ಣಿಗೆ ಚೆಂಡಿನ ದಾರಿ ಬದಲಾಗಿದ್ದು ಕಂಡರೆ ಮಾತ್ರ.

ಮೈಕಿನಲ್ಲಿ ಗದ್ದಲ ತಗ್ಗಿಸೋ ಸೌಲಭ್ಯ ಇದ್ದರೆ ಆಫ್ ಮಾಡಿ. ಅದು ಸಣ್ಣ ಟಿಕ್ ಅನ್ನೋ ಶಬ್ದವನ್ನೇ ಗದ್ದಲ ಅಂತ ನುಂಗಿಹಾಕುತ್ತೆ. ಅಂಚಿಗೆ ತಾಗಿದರೆ ಅಲೆ ಕಿರಿದಾಗಿ, ಚೂಪಾಗಿ ಏಳುತ್ತೆ. ಪ್ಯಾಡಿಗೆ ತಾಗಿದರೆ ಅಗಲ, ಮೊಂಡು. ಬ್ಯಾಟ್ ನೆಲಕ್ಕೋ ಶೂಗೋ ತಾಗಿದ್ದು ಚೂಪಾಗೇ ಇರುತ್ತೆ, ಅದೇ ಮೋಸ. ಆದ್ದರಿಂದ ಚೆಂಡು ಬ್ಯಾಟಿನ ಪಕ್ಕ ಹಾಯೋ ಫ್ರೇಮಲ್ಲೇ ಮುಳ್ಳು ಇರಬೇಕು, ಅದೇ ಫ್ರೇಮಲ್ಲಿ ಬ್ಯಾಟು ಬೇರೆ ಯಾವುದಕ್ಕೂ ತಾಗಿರಬಾರದು. ಈ ಎರಡೂ ಕೂಡಿದರೆ ಮಾತ್ರ ತೀರ್ಪು ಬದಲಿಸಿ.

ಮೂರನೇ ಫೋನನ್ನ ಬೌಲರ್ ಹಿಂದೆ ಹಾಕಿ, ಧಾರಾಳವಾಗಿ. ಮಧ್ಯದ ಸ್ಟಂಪುಗಳ ನೇರಕ್ಕೆ, ಕನಿಷ್ಠ 3 ಮೀಟರ್ ಎತ್ತರಕ್ಕೆ. ಇಲ್ಲದಿದ್ದರೆ ಅಂಪೈರ್ ಟೋಪಿ ಒಂದೇ ಕಾಣೋದು. ಮ್ಯಾಚಿಗೆ ಮುಂಚೆ ಈ ಕಡೆಯ ಆಫ್ ಸ್ಟಂಪಿನಿಂದ ಆ ಕಡೆಯ ಆಫ್ ಸ್ಟಂಪಿಗೆ, ಹಾಗೇ ಲೆಗ್ಗಿನಿಂದ ಲೆಗ್ಗಿಗೆ, ನೆಲಕ್ಕೆ ತಾಗಿದ ಹಾಗೆ ಬಿಳಿ ದಾರ ಕಟ್ಟಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ದಾರ ಬಿಚ್ಚಿ. ರಿವ್ಯೂ ಬಂದಾಗ ಆ ಫೋಟೊವನ್ನ ಅರೆಪಾರದರ್ಶಕ ಮಾಡಿ ಮೇಲೆ ಹೊದಿಸಿದರೆ ಚೆಂಡು ಪಿಚ್ಚಾದ ಜಾಗ 22.86 ಸೆಂ.ಮೀ. ಪಟ್ಟಿಯ ಒಳಗೋ ಹೊರಗೋ ಗೊತ್ತಾಗುತ್ತೆ. ಫೋನ್ ಒಂದಿಷ್ಟು ಅಲುಗಿದರೂ ಹೊಸ ಫೋಟೊ ಬೇಕು.

ಈ ಪಟ್ಟಿ ನೆಲಕ್ಕೆ ಮಾತ್ರ ಸರಿ. ಮೊಣಕಾಲಿಗೆ ಬಡಿದ ಚೆಂಡನ್ನ ಅದೇ ಪಟ್ಟಿಗೆ ಹೋಲಿಸಬೇಡಿ. ನೆಲದಿಂದ ಮೇಲೆ ಹೋದ ಹಾಗೆ ಹೊರಗಿನ ಸ್ಟಂಪಿನ ಸಾಲು ಚಿತ್ರದಲ್ಲಿ ಬೇರೆ ಕಡೆ ಬೀಳುತ್ತೆ. ಇನ್ನೊಂದು, 110 ಕಿ.ಮೀ. ವೇಗದ ಚೆಂಡು 60 ಫ್ರೇಮಿನಲ್ಲಿ ಅರ್ಧ ಮೀಟರಿಗೊಮ್ಮೆ ಮಾತ್ರ ಕಾಣುತ್ತೆ, ಪಿಚ್ಚಾದ ಗಳಿಗೆ ಎರಡು ಫ್ರೇಮ್ ಮಧ್ಯೆ ಕಳೆದುಹೋಗುತ್ತೆ. ಇಲ್ಲೂ 240 ಇರಲಿ, ಆಗ 13 ಸೆಂ.ಮೀ.ಗೊಮ್ಮೆ.

ಯಾರ್ಕರ್_ಬೇಲೂರು

ಎಲ್ಲ ಸರಿ, ಆದರೆ ಅಂಪೈರ್ ಸರ್ ಹೇಳಿದ ಎಲ್‌ಬಿ ನಿಯಮ ಬೌಲರ್‌ಗೆ ಅನ್ಯಾಯ ಅಲ್ವಾ? ಬ್ಯಾಟರ್‌ಗೆ ರಿವ್ಯೂ, ಬೌಲರ್‌ಗೆ ಇಲ್ಲ. ಪ್ಲಂಬ್ ಆಗಿ ಮಧ್ಯದ ಸ್ಟಂಪ್ ಮುಂದೆ ಪಾದಕ್ಕೆ ಬಡಿದಿರುತ್ತೆ, ಅಂಪೈರ್ ನಾಟೌಟ್ ಅಂತಾರೆ, ನೇರ ಕ್ಯಾಮೆರಾ ಇದೆ, ಪಕ್ಕದ ಕ್ಯಾಮೆರಾ ಇದೆ, ಆದರೂ ನೋಡೋ ಹಾಗಿಲ್ಲ ಅಂದರೆ ಹೇಗೆ? ಮತ್ತೆ ಸಾಕ್ಷಿ ಸಾಲದೆ ತೀರ್ಪು ಹಾಗೇ ಉಳಿದರೆ ರಿವ್ಯೂ ಹೋಗುತ್ತಾ ಉಳಿಯುತ್ತಾ? ಅಂಪೈರ್ಸ್ ಕಾಲ್‌ನಲ್ಲಿ ಉಳಿಯುತ್ತಲ್ಲ.

ಸ್ಕ್ವೇರ್‌ಲೆಗ್_ಹಾಸನ

ಯಾರ್ಕರ್ ಅವರೇ, ಪ್ರಶ್ನೆ ನ್ಯಾಯವಾಗಿಯೇ ಇದೆ. ನೀವು ಹೇಳಿದ ಪಾದಕ್ಕೆ ಬಡಿದ ಯಾರ್ಕರ್ ಒಂದರಲ್ಲಿ ಔಟ್ ಎಂದು ಹೇಳಬಹುದೇನೋ. ಆದರೆ ನಿಯಮ ಬರೆದ ಮೇಲೆ ಅದು ಮೊಣಕಾಲಿಗೂ ಬರುತ್ತೆ, ಮುಂದೆ ಬಂದು ಆಡಿದ ಸ್ಪಿನ್ನಿಗೂ ಬರುತ್ತೆ. 2011ರ ವಿಶ್ವಕಪ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಭಾರತ–ಇಂಗ್ಲೆಂಡ್ ಪಂದ್ಯ ನೆನಪಿಸಿಕೊಳ್ಳಿ, 338ಕ್ಕೆ ಟೈ ಆದದ್ದು. ಯುವರಾಜ್ ಎಸೆತ ಇಯಾನ್ ಬೆಲ್ ಪ್ಯಾಡಿಗೆ ಬಡಿಯಿತು, ಅಂಪೈರ್ ನಾಟೌಟ್ ಅಂದರು, ಧೋನಿ ರಿವ್ಯೂ ಕೇಳಿದರು. ಹಾಕ್-ಐ ಚೆಂಡು ಸ್ಟಂಪಿಗೆ ಹೋಗುವುದನ್ನು ತೋರಿಸಿತು. ಆದರೂ ಬೆಲ್ ಉಳಿದರು. ಬಡಿದ ಜಾಗ ಸ್ಟಂಪಿನಿಂದ 2.5 ಮೀಟರ್‌ಗಿಂತ ದೂರವಿತ್ತು, ಅಷ್ಟು ದೂರದ ಅಂದಾಜನ್ನು ಪೂರ್ತಿ ನಂಬಬಾರದು ಎಂದು ಅಂದಿನ ನಿಯಮವೇ ಹೇಳುತ್ತಿತ್ತು. ಮೈದಾನದ ಸುತ್ತ ಆರು ವೇಗದ ಕ್ಯಾಮೆರಾ ಇಟ್ಟುಕೊಂಡ ವ್ಯವಸ್ಥೆಗೇ ಈ ಎಚ್ಚರಿಕೆ. ಅಂಪೈರ್ಸ್ ಕಾಲ್ ಇರುವುದೂ ಇದೇ ಕಾರಣಕ್ಕೆ: ಅರ್ಧಕ್ಕಿಂತ ಕಡಿಮೆ ಚೆಂಡು ಸ್ಟಂಪಿಗೆ ತಾಗುವುದಾದರೆ ಲೆಕ್ಕದ ತಪ್ಪಿನ ಅಂಚಿನೊಳಗೆ ಬಂತು, ಆಗ ಮೈದಾನದವರ ಕಣ್ಣಿಗೇ ಬೆಲೆ. ಎರಡು ಫೋನಿನಿಂದ ನಾವು ಅದಕ್ಕಿಂತ ಹೆಚ್ಚು ಹೇಳಬಾರದು.

ಬೌಲರ್‌ಗೆ ಕ್ಯಾಚ್ ಬಿಹೈಂಡ್ ರಿವ್ಯೂ ಇದೆ, ಬ್ಯಾಟ್-ಪ್ಯಾಡ್ ಕ್ಯಾಚ್ ಇದೆ. ಅಲ್ಲಿ ಸಾಬೀತು ಮಾಡಬೇಕಾದದ್ದು ನಡೆದ ಘಟನೆ, ಆದ್ದರಿಂದ ಎರಡೂ ಕಡೆಗೆ ಸಮಾನ.

ಸಾಕ್ಷಿ ಸಾಲದೆ ಹೋದರೆ ರಿವ್ಯೂ ಹೋಗಬೇಕು ಅನ್ನುವುದು ನನ್ನ ಮತ. ಅಂಪೈರ್ಸ್ ಕಾಲ್ ಬೇರೆ. ಅಲ್ಲಿ ಚೆಂಡು ಸ್ಟಂಪಿಗೆ ತಾಗುತ್ತಿತ್ತು ಅಂತಲಾದರೂ ಲೆಕ್ಕ ಹೇಳಿರುತ್ತೆ. ಇಲ್ಲಿ ಹಾಗಲ್ಲ, ಬಹಳಷ್ಟು ರಿವ್ಯೂಗಳು ಏನೂ ಕಾಣದೆ ಮುಗಿಯುತ್ತವೆ. ಉಳಿಯುತ್ತೆ ಅಂದರೆ ಪ್ರತಿ ಎಲ್‌ಬಿಗೂ ಕೈ ಎತ್ತುತ್ತಾರೆ. ಒಂದೇ ವಿನಾಯಿತಿ: ಕ್ಯಾಮೆರಾ ನಿಂತಿತ್ತು, ಫೀಲ್ಡರ್ ಅಡ್ಡ ಬಂದ, ಮೈಕ್ ಸತ್ತಿತ್ತು ಎಂದರೆ ರಿವ್ಯೂ ವಾಪಸ್ ಕೊಡಿ. ಅದು ತಂಡದ ತಪ್ಪಲ್ಲ.

2019ರ ಹೆಡಿಂಗ್ಲಿ ಟೆಸ್ಟ್ ನಾಯಕರಿಗೆ ಹೇಳಿ. ಆಸ್ಟ್ರೇಲಿಯ ಕೊನೆಯ ರಿವ್ಯೂವನ್ನು ಲೆಗ್ ಸ್ಟಂಪಿನ ಹೊರಗೆ ಪಿಚ್ಚಾದ ಚೆಂಡಿಗೆ ಕಳೆದುಕೊಂಡಿತು. ಮರು ಓವರಿನಲ್ಲೇ ಲಯನ್ ಎಸೆತಕ್ಕೆ ಸ್ಟೋಕ್ಸ್ ಎಲ್‌ಬಿ ಆಗಿದ್ದರು, ಅಂಪೈರ್ ಕೊಡಲಿಲ್ಲ, ಕೇಳಲು ರಿವ್ಯೂ ಉಳಿದಿರಲಿಲ್ಲ. ಇಂಗ್ಲೆಂಡ್ ಒಂದು ವಿಕೆಟ್‌ನಿಂದ ಗೆದ್ದಿತು. ಕೀಪರ್ ಮತ್ತು ಬೌಲರ್ ಇಬ್ಬರಿಗೂ ಖಚಿತವಿದ್ದರೆ ಮಾತ್ರ ಕೇಳಿ. ಬೌಲರ್ ಒಬ್ಬನ ಮಾತು ಕೇಳಿ ‘ಟಿ’ ತೋರಿಸಬೇಡಿ.

ಸೊಂಟದೆತ್ತರದ ನೋಬಾಲ್ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ಜಗಳ ಹೆಚ್ಚು ಬರುವುದೇ ಅಲ್ಲಿ. ಅಳೆಯುವುದು ಬ್ಯಾಟರ್ ನಿಂತ ಜಾಗದಲ್ಲಿ ಅಲ್ಲ, ಪಾಪಿಂಗ್ ಕ್ರೀಸಿನಲ್ಲಿ ನೆಟ್ಟಗೆ ನಿಂತಿದ್ದರೆ ಎಲ್ಲಿಗೆ ಬರುತ್ತಿತ್ತು ಎಂದು. 2024ರ ಐಪಿಎಲ್‌ನಲ್ಲಿ ಕೋಲ್ಕತ್ತದ ಈಡನ್‌ನಲ್ಲಿ ಕೊಹ್ಲಿ ಔಟಾದಾಗ ಆದದ್ದೂ ಇದೇ: ಅವರು ಕ್ರೀಸಿನಿಂದ ಹೊರಗಿದ್ದರು, ಕ್ರೀಸಿಗೆ ಬರುವ ಹೊತ್ತಿಗೆ ಚೆಂಡು 0.92 ಮೀಟರ್‌ಗೆ ಇಳಿಯುತ್ತಿತ್ತು, ಮೊದಲೇ ಅಳೆದಿಟ್ಟ ಅವರ ಸೊಂಟ 1.04 ಮೀಟರ್. ಆ ಅಳತೆ ನಿಮ್ಮ ಬಳಿ ಇರಲ್ಲ. ಸ್ಕ್ವೇರ್‌ಲೆಗ್ ಅಂಪೈರ್‌ಗೇ ಬಿಡಿ, ರಿವ್ಯೂ ಬೇಡ.

ಸ್ಕೋರ್‌ಬುಕ್_ಅರಸೀಕೆರೆ

ಇಷ್ಟೆಲ್ಲ ಹೇಳಿದಿರಿ, ರನ್ ಲೆಕ್ಕ ಯಾರೂ ಹೇಳಲಿಲ್ಲ. ಫೈನಲ್ ಕೊನೆ ಓವರಿನಲ್ಲಿ ಇದೇ ದೊಡ್ಡ ರಗಳೆ ಆಗೋದು, ನಿಯಮದಲ್ಲಿ ಮೊದಲೇ ಹಾಕಿಕೊಳ್ಳಿ.

ಅಂಪೈರ್ ಔಟ್ ಕೊಟ್ಟು, ರಿವ್ಯೂನಲ್ಲಿ ಅದು ನಾಟೌಟ್ ಆದರೆ, ಔಟ್ ಕೊಟ್ಟ ಕ್ಷಣದಲ್ಲೇ ಚೆಂಡು ಡೆಡ್. ಆಮೇಲೆ ಬಂದ ರನ್ ಯಾವುದೂ ಇಲ್ಲ. ಕೊನೆ ಎಸೆತ, ಗೆಲ್ಲೋಕೆ 1 ರನ್ ಬೇಕು ಅಂತಿಟ್ಟುಕೊಳ್ಳಿ. ಬ್ಯಾಟಿನ ಒಳ ಅಂಚಿಗೆ ತಾಗಿ, ಪ್ಯಾಡಿಗೆ ಬಡಿದು, ಫೈನ್‌ಲೆಗ್‌ಗೆ ಬೌಂಡರಿ. ಅಂಪೈರ್ ಎಲ್‌ಬಿ ಬೆರಳು ಎತ್ತಿಬಿಟ್ಟರು. ರಿವ್ಯೂನಲ್ಲಿ ಒಳ ಅಂಚು ಕಂಡಿತು, ಬ್ಯಾಟರ್ ನಾಟೌಟ್. ಆದರೆ ಆ 4 ರನ್ ಇಲ್ಲ, ಎಸೆತ ಎಣಿಕೆಗೆ ಬಂತು, ಪಂದ್ಯ ಮುಗೀತು. ಅಂತರರಾಷ್ಟ್ರೀಯ ನಿಯಮವೂ ಹೀಗೇ ಇದೆ. ಹಾಗಾಗಿ ಕೊನೆ ಓವರುಗಳಲ್ಲಿ ಅಂಪೈರ್‌ಗಳು ಚೆಂಡು ನಿಲ್ಲೋವರೆಗೆ ಕಾದು ಬೆರಳೆತ್ತೋದು ಒಳ್ಳೇದು.

ನಾಟೌಟ್ ಇದ್ದದ್ದು ಔಟ್ ಆದರೆ, ವಿಕೆಟ್ ಆದ ಗಳಿಗೆಯಿಂದಲೇ ಡೆಡ್. ಅದರ ಮೇಲೆ ಓಡಿದ ಲೆಗ್‌ಬೈ ಅಳಿಸಿ. ಅದೇ ಎಸೆತದಲ್ಲಿ ಆಮೇಲೆ ಇನ್ನೊಬ್ಬ ರನೌಟ್ ಆಗಿದ್ದರೂ ಲೆಕ್ಕಕ್ಕಿಲ್ಲ. ರಿವ್ಯೂ ನೋಡುವಾಗ ಮುಂಗಾಲಿನ ನೋಬಾಲ್ ಸಿಕ್ಕರೆ ಬೇರೆ ಏನೂ ನೋಡೋ ಹಾಗಿಲ್ಲ. ನೋಬಾಲಿನ 1 ರನ್ ಸೇರಿಸಿ, ಎಸೆತ ಎಣಿಸಬೇಡಿ, ಟೂರ್ನಿಯಲ್ಲಿ ಫ್ರೀ ಹಿಟ್ ಇದ್ದರೆ ಕೊಡಿ. ಅದಕ್ಕೇ ಮೂರನೇ ಅಂಪೈರ್ ನೋಡೋ ಕ್ರಮ ಯಾವಾಗಲೂ ನೋಬಾಲ್, ಆಮೇಲೆ ಬ್ಯಾಟು, ಆಮೇಲೆ ಪಿಚ್ಚಾದ ಜಾಗ.

ಸ್ಕೋರರ್ ಮೇಜನ್ನ ಮೂರನೇ ಅಂಪೈರ್ ಪಕ್ಕದಲ್ಲೇ ಹಾಕಿ. ಪ್ರತಿ ಎಸೆತ ಆದ ಕೂಡಲೇ ಸ್ಕೋರರ್ ‘7.3’ ಅಂತ ಗಟ್ಟಿಯಾಗಿ ಹೇಳಲಿ, ಕ್ಯಾಮೆರಾದವರು ಅದನ್ನೇ ಮತ್ತೆ ಹೇಳಲಿ. ಎರಡು ಫೋನಿನ ಕ್ಲಿಪ್ಪುಗಳು ಒಂದೊಂದು ಎಸೆತ ಹೆಚ್ಚುಕಮ್ಮಿ ಆಗಿಬಿಟ್ಟರೆ ತಪ್ಪು ಎಸೆತ ನೋಡಿ ತೀರ್ಪು ಕೊಡೋ ಅಪಾಯ ಇದೆ. ವೈಡ್, ನೋಬಾಲಿಗೆ ಎಸೆತದ ಸಂಖ್ಯೆ ಮುಂದೆ ಹೋಗಲ್ಲ, ಆದರೆ ಕ್ಲಿಪ್ ಒಂದು ಹೆಚ್ಚಾಗಿರುತ್ತೆ. ಅದಕ್ಕೆ ‘7.3 ವೈಡ್’ ಅಂತ ಬೇರೆ ಹೆಸರು ಹೇಳಿ.

ರಿವ್ಯೂ ಮುಗಿಯೋವರೆಗೆ ಆ ಎಸೆತವನ್ನ ಪೆನ್ಸಿಲ್‌ನಲ್ಲೇ ಬರೀರಿ. ಆನ್‌ಲೈನ್ ಸ್ಕೋರ್ ಆಪ್ ಬಳಸ್ತಿದ್ದರೆ ತೀರ್ಪು ಬರೋವರೆಗೆ ಆ ಎಸೆತ ಹಾಕಲೇಬೇಡಿ. ವಿಕೆಟ್ ಹಾಕಿ ಆಮೇಲೆ ಹಿಂದಕ್ಕೆ ತೆಗೆದರೆ ಬ್ಯಾಟರ್‌ಗಳ ತುದಿ ಅದಲುಬದಲಾಗಿ ಕೂತಿರಬಹುದು, ಮುಂದಿನ ಎಸೆತಕ್ಕೆ ಮುಂಚೆ ಯಾರು ಸ್ಟ್ರೈಕ್ ಅಂತ ಅಂಪೈರ್ ಹತ್ರ ಕೇಳಿ ಖಚಿತ ಮಾಡಿಕೊಳ್ಳಿ.

ಮಿಡ್‌ಆನ್_ಮೂಡಿಗೆರೆ

ಸ್ಕೋರ್‌ಬುಕ್ ಮೇಡಂ, ಆ 4 ರನ್ ವಿಷಯ ನಮ್ಮ ಕಮಿಟಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಿಯಮದ ಹಾಳೆಯಲ್ಲಿ ಉದಾಹರಣೆ ಸಮೇತ ಹಾಕ್ತೀವಿ. ಸದ್ಯಕ್ಕೆ ತೀರ್ಮಾನ ಹೀಗಿದೆ: ರನೌಟ್, ಸ್ಟಂಪಿಂಗ್ ಅಂಪೈರ್ ಕಳಿಸಿದರೆ ಮಾತ್ರ, ಕ್ಯಾಚ್ ಬಿಹೈಂಡ್ ಎರಡೂ ತಂಡಕ್ಕೆ, ಎಲ್‌ಬಿ ಬ್ಯಾಟರ್‌ಗೆ ಮಾತ್ರ, ಇನ್ನಿಂಗ್ಸ್‌ಗೆ ಒಂದು. ಮೂರನೇ ಅಂಪೈರ್‌ಗೆ 2 ನಿಮಿಷ, ಅಷ್ಟರಲ್ಲಿ ಸ್ಪಷ್ಟವಾಗದಿದ್ದರೆ ಮೈದಾನದ ತೀರ್ಪೇ. ಬರೋ ಭಾನುವಾರ ಅಭ್ಯಾಸ ಪಂದ್ಯದಲ್ಲಿ ಕ್ಯಾಮೆರಾ, ಮೈಕ್ ಎಲ್ಲ ಹೊಂದಿಸಿ ನೋಡ್ತೀವಿ.

ಟ್ರೈಪಾಡ್_ಸಕಲೇಶಪುರ

ಅಭ್ಯಾಸ ಪಂದ್ಯದಲ್ಲಿ ಬೇಕಂತಲೇ ಹತ್ತು ರನೌಟ್ ಮಾಡಿಸಿ, ಎರಡೂ ತುದಿಗೆ ಐದೈದು. ಪ್ರತಿಯೊಂದಕ್ಕೂ ಒಬ್ಬರು ಕ್ರೀಸ್ ಪಕ್ಕದಲ್ಲೇ ಮಂಡಿಯೂರಿ ಕೂತು ಕಣ್ಣಾರೆ ನೋಡಿ ಬರೆದಿಟ್ಟುಕೊಳ್ಳಲಿ, ಮೂರನೇ ಅಂಪೈರ್ ಅದನ್ನ ಕೇಳದೆ ವಿಡಿಯೊ ನೋಡಿ ಬರೆಯಲಿ. ಒಂದು ತುದಿಯಲ್ಲಿ ಮಾತ್ರ ಹೊಂದಿಕೆ ಆಗದಿದ್ದರೆ ಆ ಟ್ರೈಪಾಡ್ ಗೆರೆಗೆ ನೇರ ಇಲ್ಲ ಅಂತ ಅರ್ಥ. ಎರಡರಲ್ಲೂ ಆಗದಿದ್ದರೆ ಶಟರ್ ನೋಡಿ.